ಕಾಕಾನ ಮೂಗು, ಕಾಕುವಿನ ಕಾರು

ನಮ್ಮ ಕಾಕಾನ ಮೂಗು ಯಾವುದಾದರೂ ಪೊಲೀಸ್ ಠಾಣೆಯಲ್ಲಿ ನೌಕರಿಗಿರಬೇಕಾದದ್ದು. ದಾರಿ ತಪ್ಪಿ ಗೋಕಾಕದ ನಮ್ಮ ಮನೆಗೆ ಬಂದುಬಿಟ್ಟಿದೆ! ಅವನ ಹೆಸರು ಮಾತ್ರ ಕೇಳಬೇಡಿ. ಯಾಕೆ ಹೇಳುವುದಿಲ್ಲ ಎಂಬುದು ಮುಂದೆ ನಿಮಗೇ ಗೊತ್ತಾಗುತ್ತದೆ.

ಕಾಕಾನಿಗೆ ಇಡೀ ಜಗತ್ತಿನ ಮೇಲೆ ಅನುಮಾನ. ಗೌಳಿಯ ಹಾಲನ್ನು ಮೂಸದೆ ಪಾತ್ರೆಗೆ ಹಾಕಿಸಿಕೊಳ್ಳುವುದಿಲ್ಲ. ಕರದಂಟಿನ ಅಂಗಡಿಗೆ ಹೋದರೆ ತುಪ್ಪ ಮೂಸುತ್ತಾನೆ, ಬೆಲ್ಲ ಮೂಸುತ್ತಾನೆ; ಮುಂದೆ ತನ್ನನ್ನೂ ಮೂಸಿಯಾನೆಂದು ಅಂಗಡಿಯವನು ಒಂದು ಹೆಜ್ಜೆ ಹಿಂದೆಯೇ ನಿಂತಿರುತ್ತಾನೆ. ಬ್ರೇಕಿನ ಮೇಲೆ ಭರವಸೆ ಇಲ್ಲವೆಂದು ಈ ಮಹಾಶಯ ಕಾರು ನಡೆಸುವುದನ್ನೇ ಕಲಿಯಲಿಲ್ಲ. ಹೋಗಲಿ, ಕಟ್ಟಿಕೊಂಡ ಹೆಂಡತಿಯ ಅಡುಗೆಯನ್ನಾದರೂ ನಂಬಬೇಡವೇ? ಮಸಾಲೆ ಹುರಿಯುವುದರಲ್ಲಿ ನಮ್ಮ ಕಾಕು ಎತ್ತಿದ ಕೈ. ಬಳಗದಲ್ಲಿ ಯಾವ ಕಾರ್ಯವಿದ್ದರೂ ಆ ಕೆಲಸ ಅವಳದೇ. ಅಂಥವಳ ಬೆನ್ನ ಹಿಂದೆ ನಿಂತು, ಮೂಗು ಅರಳಿಸಿ, "ತೆಗಿ, ಸಾಕು" ಎನ್ನುವ ಚಾಳಿ ಈಚೆಗೆ ಶುರುವಾಗಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾವು ನಗುತ್ತಿದ್ದೆವು.

ಸುಡುವ ಮಾತು ಬಂತು, ಕಾರಿನ ಕತೆಗೇ ಬರುತ್ತೇನೆ. ಕಾಕು ಮೂಡಲಗಿಯಲ್ಲಿ ಶಾಲಾ ಶಿಕ್ಷಕಿ. ದಿನಾ ಗೋಕಾಕದಿಂದ ತಾನೇ ಕಾರು ನಡೆಸಿಕೊಂಡು ಹೋಗಿ ಬರುತ್ತಾಳೆ. ಒಂದು ಸಂಜೆ ಅವಳು ಬಂದು ಇಳಿದದ್ದೇ ತಡ, ಕಾಕಾ ಕಾರಿನ ಸುತ್ತ ಮೂಸುತ್ತಾ ತಿರುಗಿದ. ಒಳಗೆ ಏನೋ ಸುಡುತ್ತಿದೆ ಎಂದ. ಕಾಕುವಿಗೆ ಅಂಥದ್ದೇನೂ ತಿಳಿದಿರಲಿಲ್ಲ.

ನಮಗೂ ನಂಬಿಕೆ ಬರಲಿಲ್ಲ. ಅದು ಕಬ್ಬು ಕಡಿಯುವ ಕಾಲ. ಹೊಲದಲ್ಲಿ ಉಳಿದ ರವದಿಗೆ, ಅಂದರೆ ಕಬ್ಬಿನ ಒಣ ಗರಿಗೆ, ರೈತರು ಬೆಂಕಿ ಇಡುವ ದಿನಗಳು. ಗೋಕಾಕದಿಂದ ಮೂಡಲಗಿಯವರೆಗೆ ಊರೂರೇ ಸುಟ್ಟ ವಾಸನೆ ಹೊಡೆಯುವಾಗ ಪಾಪ, ಕಾರೊಂದರ ಮೇಲೆ ಯಾಕೆ ಅಪವಾದ? ಕಾಕಾ ಕೇಳಬೇಕಲ್ಲ! ಮರುದಿನದಿಂದ ತಾನೂ ಮುಂದಿನ ಸೀಟಿನಲ್ಲಿ ಕೂತು ಮೂಡಲಗಿಗೆ ಹೊರಟ. ಸಂಜೆಯವರೆಗೆ ಶಾಲೆಯ ಕಟ್ಟೆಯ ಮೇಲೆ ಕೂತಿರುವುದು, ಮತ್ತೆ ಅವಳ ಜೊತೆ ಬರುವುದು. ಈ ವಯಸ್ಸಿನಲ್ಲಿ ಹೆಂಡತಿಯ ಕಾವಲು ಕಾಯುತ್ತಾನಲ್ಲ ಎಂದು ಮಂದಿ ಬಾಯಿಗೆ ಬಂದಂತೆ ಆಡಿಕೊಂಡರು.

ಗೋಕಾಕದ ಗ್ಯಾರೇಜಿನ ಮಿಸ್ತ್ರಿ ಬಾನೆಟ್ ಎತ್ತಿ, ಇಣುಕಿ ನೋಡಿ, ಏನೂ ಇಲ್ಲವೆಂದ. ಕಾಕಾ ಕಾರಿನೊಳಗೆ ತಲೆ ಹಾಕಿ ಒಮ್ಮೆ ಉಸಿರೆಳೆದು ನೇರವಾಗಿ ಅವನನ್ನೇ ಹಿಡಿದ: "ಖರೆ ಹೇಳ್ರಿ. ನಮ್ಮ ಗಾಡಿಯಾಗ ಕುಂತು ಬೀಡಿ ಸೇದೀರಿ ಹೌದಲ್ಲ? ತಂಬಾಕಿನ ವಾಸನಿ ಐತಿ." ಜನ್ಮದಲ್ಲಿ ಬೀಡಿ ಮುಟ್ಟದ ಮಿಸ್ತ್ರಿ ಬಾನೆಟ್ ಮುಚ್ಚಿ, ಬೇರೆ ಗ್ಯಾರೇಜ್ ನೋಡಿಕೊಳ್ಳಲು ಹೇಳಿ ಕೈಮುಗಿದ.

ಮುಂದಿನ ರವಿವಾರ ಹುಕ್ಕೇರಿಯ ಬೀಗರ ಮನೆಯಲ್ಲಿ ಮಗುವಿನ ತೊಟ್ಟಿಲ ಕಾರ್ಯಕ್ರಮ. ಕಾಕು ಕಾರು ನಡೆಸುತ್ತಿದ್ದಳು, ಬಾಜೂಕ್ಕೆ ಕಾಕಾ, ಹಿಂದೆ ನಾನು. ಹುಕ್ಕೇರಿ ಹತ್ತಿರ ಬಂದಾಗ ನನ್ನ ಮೂಗಿಗೂ ಘಾಟು ಬಡಿಯಿತು. ಕಣ್ಣಲ್ಲಿ ನೀರು, ಗಂಟಲಲ್ಲಿ ಕೆಮ್ಮು. ಕಾಕು ಮಾತ್ರ ತನ್ನ ಶಾಲೆಯ ಹೊಸ ಹೆಡ್‌ಮಾಸ್ತರರ ಸುದ್ದಿಯನ್ನು ಆರಾಮವಾಗಿ ಹೇಳುತ್ತಲೇ ಇದ್ದಳು! "ನಿಂದರಸು" ಎಂದ ಕಾಕಾ. ಅವಳು ತಕ್ಷಣ ನಿಲ್ಲಿಸಿದಳು. ಬಾನೆಟ್ಟಿನ ಸಂದಿಯಿಂದ ಹೊಗೆ ಏಳುತ್ತಿತ್ತು.

ರಸ್ತೆ ಬದಿಯಲ್ಲೇ ಇದ್ದ ಗ್ಯಾರೇಜಿನವನು ಓಡಿ ಬಂದು ಬಾನೆಟ್ ಎತ್ತಿದ. ಎಂಜಿನ್ನಿನ ಹಿಂದೆ, ಕಾದ ಸೈಲೆನ್ಸರ್ ಪೈಪಿಗೆ ಏನೋ ಒಂದು ಗಂಟು ಮೇಲಿಂದ ಜಾರಿ ಬಂದು ಆತುಕೊಂಡು ಕಮರುತ್ತಿತ್ತು. ಇಕ್ಕಳದಿಂದ ಹೊರಗೆಳೆದು ನೀರು ಸುರಿದ. ಬಾಜೂದ ಒಂದು ವಾಯರಿನ ಸಿಪ್ಪೆಯೂ ಕರಗಿತ್ತು. ಇನ್ನಷ್ಟು ದೂರ ಹೋಗಿದ್ದರೆ ಗಾಡಿಗೇ ಬೆಂಕಿ ಹತ್ತುತ್ತಿತ್ತು ಎಂದು, ಆ ವಾಯರು ಬದಲಿಸಿ ಕೊಟ್ಟ. ಗಂಟು ಬಿಚ್ಚಿದರೆ ತಂಬಾಕಿನ ಎಲೆ! ಕಟ್ಟಿದ ಬಟ್ಟೆ, ಕೆಂಪು ಅಂಚಿನ ಹಳೆಯ ಧೋತರದ ತುಂಡು. ನಮ್ಮ ಮನೆಯಲ್ಲಿ ಧೋತರ ಉಡುವವನು ಒಬ್ಬನೇ; ನಾವಿಬ್ಬರೂ ಕಾಕಾನ ಕಡೆ ನೋಡಿದೆವು.

ತಂಬಾಕಿದ್ದಲ್ಲಿ ಇಲಿ ಸುಳಿಯುವುದಿಲ್ಲವೆಂದು ಯಾರೋ ಹೇಳಿದ್ದರಂತೆ. ಇಲಿಗಳ ಮೇಲೆ ಅನುಮಾನ ಬಂದು ಮಳೆಗಾಲದಲ್ಲಿ ಇವನೇ ತುರುಕಿ, ಮರೆತೂ ಬಿಟ್ಟಿದ್ದ. ಜಗತ್ತನ್ನೆಲ್ಲ ಅನುಮಾನಿಸಿದ ಮನುಷ್ಯ ತನ್ನನ್ನೊಬ್ಬನನ್ನು ಬಿಟ್ಟಿದ್ದ ನೋಡಿ! ಮುಖದಲ್ಲಿ ನಾಚಿಕೆಯೇನಾದರೂ ಇತ್ತೇ? "ಆದರ ಇಲಿ ಬಂದಿಲ್ಲ" ಎಂದ.

ನಗಲು ಬಾಯಿ ತೆರೆದವನು ಹಾಗೇ ನಿಂತೆ. ಘಾಟಿಗೆ ನಾವೆಲ್ಲ ಮೂಗು ಮುಚ್ಚಿಕೊಂಡಿದ್ದರೆ, ಕಾಕು ಆ ಗಂಟಿನ ಮೇಲೆಯೇ ಬಗ್ಗಿ, ಇನ್ನೂ ಆರದ ಹೊಗೆಯಲ್ಲಿ ಮುಖವಿಟ್ಟು, ಅಂಚಿನ ಬಣ್ಣ ನೋಡುತ್ತಿದ್ದಳು. ಕಾಕಾ ಮೆಲ್ಲಗೆ ತನ್ನ ಮೂಗಿನ ತುದಿ ಮುಟ್ಟಿಕೊಂಡ. ಅದನ್ನು ಕಂಡ ಮೇಲೆ ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಏನ್ ಹೊಲಸ ವಾಸನಿರಿ" ಎಂದಳು.

ಅವಳು ಕಾರಿನಲ್ಲಿ ಕೂತ ಮೇಲೆ ಕಾಕಾನನ್ನು ಬದಿಗೆ ಕರೆದು ಕೇಳಿದೆ. ಅವನು ಕಾರಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಕೊರೊನಾದಾಗ ಹೋದ ವಾಸನಿ ತಿರಗಿ ಬರಲೇ ಇಲ್ಲ ಅಕಿಗೆ. ಗಾಡಿಯಾಗ ಒಬ್ಬಾಕಿನ ಹೆಂಗ ಕಳಸಲಿ? ಯಾರ ಮುಂದೂ ಅನಬ್ಯಾಡ. ಗೊತ್ತಾದರ ಅಕಿ ಕೈಯಾಗ ಯಾರೂ ಸೌಟು ಕೊಡೂದಿಲ್ಲ. ಅದೊಂದು ಅಕಿಗೆ ತಡಕೊಳ್ಳಾಕ ಆಗೂದಿಲ್ಲ."

ಬೀಗರ ಮನೆಯಲ್ಲಿ ಕಾಲು ತೊಳೆಯುವಷ್ಟರಲ್ಲೇ ಹೆಂಗಸರು ಕಾಕುವನ್ನು ಒಲೆಯ ಮುಂದೆ ಕೂರಿಸಿದರು. ದೊಡ್ಡ ಬೋಗುಣಿಯಲ್ಲಿ ಕೊತ್ತಂಬರಿ ಬೀಜ, ಒಣ ಕೊಬ್ಬರಿ. ಬೆನ್ನ ಹಿಂದೆ ನಮ್ಮ ಕಾಕಾ, ಮೂಗು ಅರಳಿಸಿಕೊಂಡು. "ತೆಗಿ, ಸಾಕು" ಎಂದ. ಕಾಕು ಹಿಂತಿರುಗಿಯೂ ನೋಡದೆ ಬೋಗುಣಿ ಇಳಿಸಿದಳು. ಅಡುಗೆಮನೆಯ ತುಂಬ ಹದವಾಗಿ ಹುರಿದ ಮಸಾಲೆಯ ಘಮ.

ಬೀಗರ ಪೈಕಿ ಹಿರಿಯಳೊಬ್ಬಳು ನನ್ನ ಕಿವಿಯಲ್ಲಿ ನಕ್ಕಳು: "ಇದೇನಪಾ, ಹೆಂಡತಿ ಮ್ಯಾಲ ಇಷ್ಟ ಸಂಶೇ?"

"ಹೌದ್ರಿ ಆಯಿ. ನಮ್ಮ ಕಾಕಾಗ ಯಾರ ಮ್ಯಾಲೂ ಭರವಸಿ ಇಲ್ಲ" ಎಂದೆ. ಸುಳ್ಳು ಹೇಳಲು ಆ ದಿನ ನನಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ.