ಅಮೆರಿಕದ ಗೂಳಿ, ಜರ್ಮನಿಯ ಜಿಂಕೆ, ನಡುವೆ ಯಜಮಾನರು

ಬಾಪೂಜಿ ನಗರದಲ್ಲಿ ನನ್ನದೊಂದು ಟಿಂಕರಿಂಗ್ ಶೆಡ್ಡಿದೆ. ಗಾಡಿ ಎಂಥದೇ ಇರಲಿ, ನನ್ನ ಹತ್ತಿರ ಬರುವಾಗ ಮೂತಿ ಜಜ್ಜಿಸಿಕೊಂಡೇ ಬರುತ್ತದೆ. ಜೊತೆಗೆ ಬರುವ ಓನರ್ ಮೂತಿಯೂ ಹಾಗೇ ಇರುತ್ತದೆ. ಹೀಗಾಗಿ ಇಷ್ಟು ವರ್ಷದಲ್ಲಿ ನನಗೆ ಸಂತೋಷವಾಗಿರುವ ಮನುಷ್ಯರ ಪರಿಚಯವೇ ಕಡಿಮೆ. ತಮಾಷೆಗೇನೂ ಬರವಿಲ್ಲ, ವಾರಕ್ಕೊಂದು ನಡೆಯುತ್ತದೆ. ಆದರೆ ಅದನ್ನು ನೆನೆಸಿಕೊಂಡು ನಗುವ ಮೊದಲು ಒಂದು ನಿಟ್ಟುಸಿರು ಬರುತ್ತದೆ. ಈಗ ಹೇಳುವವು ಒಂದೇ ಮನೆಯವು.

೧. ಮೆಟ್ಟಿಲು ಹತ್ತಿ ಇಳಿದದ್ದು

ಬಸವೇಶ್ವರನಗರದ ಯಜಮಾನರು ರಾಜಾಜಿನಗರದಲ್ಲಿ ಒಂದೇ ಒಂದು ಲೇಥ್ ಇಟ್ಟುಕೊಂಡು ಶುರು ಮಾಡಿ ಕಾರ್ಖಾನೆ ಕಟ್ಟಿದವರು. ಹೆಂಡತಿ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳು ಕಾರ್ಖಾನೆಯ ನಡುವೆ ಗೋಡೆ ಎಬ್ಬಿಸಿ ಮಾತು ಬಿಟ್ಟರು. ಮನೆಯಲ್ಲಿ ಕೆಳಗೆ ಅಣ್ಣ, ಮೇಲೆ ತಮ್ಮ. ಯಜಮಾನರು ಒಂದು ತಿಂಗಳು ಕೆಳಗೆ, ಒಂದು ತಿಂಗಳು ಮೇಲೆ.

ಅಣ್ಣ ಅಮೆರಿಕದ ಮಸಲ್ ಕಾರ್ ತಂದರು. ತಿಂಗಳು ತುಂಬುವುದರೊಳಗೆ ತಮ್ಮ ಜರ್ಮನಿಯ ಸ್ಪೋರ್ಟ್ಸ್ ಕಾರ್ ತಂದರು. ಯಜಮಾನರು ಅಣ್ಣನದಕ್ಕೆ ಗೂಳಿ, ತಮ್ಮನದಕ್ಕೆ ಜಿಂಕೆ ಎಂದು ಹೆಸರಿಟ್ಟರು. ಎರಡಕ್ಕೂ ಗೀರು ತಿಕ್ಕಿ ಪಾಲಿಶ್ ಹಾಕುವವನು ನಾನೇ ಆದ್ದರಿಂದ, ಅಣ್ಣತಮ್ಮ ಜಗಳವಾಡುತ್ತಿದ್ದುದೂ ನನ್ನ ಮೂಲಕವೇ.

"ಅವನಿಗೆ ಹೇಳ್ರೀ," ಅಂದರು ಅಣ್ಣ. "ಇದು ಎಂಟು ಸಿಲಿಂಡರ್. ಸ್ಟಾರ್ಟ್ ಮಾಡಿದ್ರೆ ಎದೆ ನಡುಗುತ್ತೆ. ನೇರ ರಸ್ತೆ ಕೊಡಿ, ಆಮೇಲೆ ನೋಡಿ."

ಮೆಟ್ಟಿಲು ಹತ್ತಿ ಹೋಗಿ ಹೇಳಿದೆ.

"ಅವರಿಗೆ ಹೇಳಿ," ಅಂದರು ತಮ್ಮ. "ನೇರಕ್ಕೆ ಎತ್ತಿನಗಾಡೀನೂ ಹೋಗುತ್ತೆ. ಗಾಡಿ ಅಂದ್ರೇನು ಅನ್ನೋದು ತಿರುವಲ್ಲಿ ಗೊತ್ತಾಗೋದು."

ಮತ್ತೆ ಕೆಳಗಿಳಿದು ಒಪ್ಪಿಸಿದೆ. ಅಣ್ಣ ನನ್ನ ಅಭಿಪ್ರಾಯ ಕೇಳಿದರು. ಬಾಯಿ ಮುಚ್ಚಿಕೊಂಡು ಇರಬಹುದಿತ್ತು.

"ಸಾರ್, ನಮ್ಮ ಕಡೆ ನೇರ ರಸ್ತೆ ಇದ್ರೆ ಅಗೆದಿರ್ತಾರೆ, ತಿರುವಿದ್ರೆ ಪಾನಿಪೂರಿ ಗಾಡಿ ನಿಂತಿರುತ್ತೆ. ಗೆಲ್ಲೋದು ಪಾನಿಪೂರಿಯವನೇ."

ಆವತ್ತು ನನಗೆ ಕೆಳಗೂ ಕಾಫಿ ಸಿಗಲಿಲ್ಲ, ಮೇಲೂ ಸಿಗಲಿಲ್ಲ.

೨. ಎಂಟು ನಿಂಬೆಹಣ್ಣು

ಆಯುಧಪೂಜೆಯ ದಿನ ಎರಡೂ ಕಾರು ಕಾಂಪೌಂಡಿನಲ್ಲಿ ಗೇಟಿನ ಕಡೆ ಮುಖ ಮಾಡಿ ಪಕ್ಕಪಕ್ಕದಲ್ಲೇ ನಿಂತಿದ್ದವು. ಚೆಂಡು ಹೂವಿನ ಹಾರ, ಬಾಳೆಕಂದು, ಒಂದೊಂದು ಚಕ್ರಕ್ಕೆ ಒಂದೊಂದು ನಿಂಬೆಹಣ್ಣು. ಪುರೋಹಿತರು ಮಂಗಳಾರತಿ ಎತ್ತಿ, "ಈಗ ಒಬ್ಬೊಬ್ಬರಾಗಿ ಮುಂದಕ್ಕೆ ತಗೊಳ್ಳಿ" ಅಂದರು. ಯಾರು ಮೊದಲು ಎಂದು ಅವರು ಹೇಳಲಿಲ್ಲ. ಎಂಟೂ ನಿಂಬೆಹಣ್ಣು ಒಂದೇ ಸಲಕ್ಕೆ ಪಚಕ್ಕೆಂದವು. ಗೂಳಿ ಗುಟುರು ಹಾಕಿತು, ಜಿಂಕೆ ನೆಗೆಯಿತು, ಎರಡೂ ಗೇಟಿನಲ್ಲಿ ಒಟ್ಟಿಗೆ ಸಿಕ್ಕಿಕೊಂಡವು.

"ಯಾರಾದ್ರೂ ಒಬ್ರು ಹಿಂದಕ್ಕೆ ತಗೊಳ್ಳಿ ಸಾರ್," ಅಂದೆ.

"ಪೂಜೆ ಆದ ಗಾಡಿ ರಿವರ್ಸ್ ತಗೋಬಾರ್ದು ಕಣ್ರೀ," ಅಂದರು ಅಣ್ಣ.

"ಅವರು ಹೇಳಿದ್ದು ಸರಿ," ಅಂದರು ತಮ್ಮ. ಮಾತು ಬಿಟ್ಟ ಮೇಲೆ ಇಬ್ಬರೂ ಒಪ್ಪಿದ ಮೊದಲ ವಿಷಯ ಅದು.

ಪುರೋಹಿತರನ್ನು ಕೇಳಿದರೆ, ರಿವರ್ಸ್ ಗೇರಿನ ಬಗ್ಗೆ ಶಾಸ್ತ್ರದಲ್ಲಿ ಏನೂ ಹೇಳಿಲ್ಲ ಎಂದು ದಕ್ಷಿಣೆ ತೆಗೆದುಕೊಂಡು ಸಂದಿಯಲ್ಲಿ ನುಸುಳಿ ಹೊರಟುಹೋದರು. ಗೇಟು ಕತ್ತರಿಸೋಣವೆಂದರೆ ನನ್ನ ಕಟರ್ ಕೂಡ ಕುಂಕುಮ ಹಚ್ಚಿಕೊಂಡು ಶೆಡ್ಡಿನಲ್ಲಿ ಪೂಜೆಗೆ ಕೂತಿತ್ತು. ಆವತ್ತು ಮುಟ್ಟುವ ಹಾಗಿಲ್ಲ. ಮಾರನೆಯ ದಿನ ಗೇಟು ಕೊಯ್ದು ಎರಡನ್ನೂ ನನ್ನ ಶೆಡ್ಡಿಗೆ ತಂದೆ. ಹೊಸ ಗೇಟು ಯಾರು ಹಾಕಿಸಬೇಕು ಎಂದು ತೀರ್ಮಾನವಾಗದೆ ಆ ಮನೆಗೆ ಇವತ್ತಿಗೂ ಗೇಟಿಲ್ಲ. ಬೀದಿಯ ಹಸುವೊಂದು ಒಳಗೆ ಬಂದು ಎರಡು ಕಾರಿನ ನಡುವೆ ಮಲಗುತ್ತದೆ.

೩. ಯಜಮಾನರ ಸವಾರಿ

ಇಷ್ಟೆಲ್ಲ ಇದ್ದರೂ ಯಜಮಾನರಿಗೆ ಬೇಕಾಗಿದ್ದದ್ದು ಒಂದೇ. ನಾನು ಪಾಲಿಶ್ ಉಜ್ಜುವಾಗ ಕುರ್ಚಿ ಹಾಕಿಕೊಂಡು ಕೂತು ಹೇಳುತ್ತಿದ್ದರು. "ನನ್ನ ಹಳೇ ಸ್ಕೂಟರಲ್ಲಿ ಒಬ್ಬ ಮುಂದೆ ನಿಂತ್ಕೋತಿದ್ದ, ಒಬ್ಬ ಹಿಂದೆ ಕೂತ್ಕೋತಿದ್ದ. ಹಂಗೇ ಇನ್ನೊಂದು ಸಲ ಇಬ್ರ ಜೊತೇಲೂ ಒಂದೇ ಗಾಡೀಲಿ ಹೋಗ್ಬೇಕು ಕಣಯ್ಯ. ಎಲ್ಲಿಗಾದ್ರೂ ಸರಿ."

ಈ ಮಾತನ್ನೂ ಹೊತ್ತು ಮೆಟ್ಟಿಲು ಹತ್ತಿಳಿದೆ. "ಅವನು ಬಂದು ನನ್ನ ಗಾಡೀಲಿ ಕೂರಲಿ," ಅಂದರು ಅಣ್ಣ. "ಅವರು ಬರಲಿ, ನನ್ನ ಗಾಡೀಲಿ ಜಾಗ ಇದೆ," ಅಂದರು ತಮ್ಮ. ಕೊನೆಗೆ ಅಪ್ಪನನ್ನು ಬೇರೆಬೇರೆಯಾಗಿ ಕರೆದುಕೊಂಡು ಹೋಗುವುದೆಂದಾಯಿತು.

ಗೂಳಿಯ ಹಿಂದಿನ ಸೀಟಿಗೆ ಯಜಮಾನರು ಹೇಗೋ ಇಳಿದರು, ಏಳಲಾಗಲಿಲ್ಲ. ನಾನು ಕಂಕುಳಿಗೆ ಕೈ ಹಾಕಿ ಎಳೆದು ತೆಗೆಯಬೇಕಾಯಿತು. ಜಿಂಕೆಯೋ ನೆಲಕ್ಕೇ ಅಂಟಿಕೊಂಡಂತಿತ್ತು. ಹೊಸಹಳ್ಳಿ ಸಿಗ್ನಲ್‌ನಲ್ಲಿ ಒಂದು ನಾಯಿ ಬಂದು ಕಿಟಕಿಯಲ್ಲಿ ಅವರ ಮುಖಕ್ಕೆ ಮುಖ ಕೊಟ್ಟು ನಿಂತಿತಂತೆ.

"ಎರಡರಲ್ಲಿ ಯಾವುದು ವಾಸಿ ಯಜಮಾನ್ರೇ?" ಅಂತ ಕೇಳಿದೆ.

"ಜರ್ಮನೀದೇ," ಅಂದರು. "ಅದರಲ್ಲಿ ಮಾತಾಡ್ಸೋಕೆ ನಾಯಿಯಾದ್ರೂ ಸಿಕ್ತು."

೪. ಕೊನೆಯದು

ಯಜಮಾನರು ಒಂದು ಬೆಳಿಗ್ಗೆ ಕಾಫಿ ಕುಡಿದು ಕುರ್ಚಿಯಲ್ಲೇ ಹೋಗಿಬಿಟ್ಟರು. ನನಗೆ ಬಹಳ ಸಂಕಟವಾಯಿತು. ಆ ಮನೆಯಲ್ಲಿ ನನ್ನನ್ನು ಕೂತ್ಕೋ ಎಂದವರು ಅವರೊಬ್ಬರೇ.

ಶವದ ವ್ಯಾನ್ ಬಂತು. ನಡುವೆ ಯಜಮಾನರು, ಒಂದು ಬೆಂಚಿನಲ್ಲಿ ಬೆಂಕಿಯ ಮಡಕೆ ಹಿಡಿದ ಅಣ್ಣ, ಎದುರು ಬೆಂಚಿನಲ್ಲಿ ತಮ್ಮ, ಅವರ ಪಕ್ಕ ನಾನು. ಇಬ್ಬರೂ ಅಪ್ಪನನ್ನು ನೋಡುತ್ತಿದ್ದರೇ ಹೊರತು ಒಬ್ಬರನ್ನೊಬ್ಬರು ನೋಡಲಿಲ್ಲ. ದೀಪಾಂಜಲಿ ನಗರದ ಹತ್ತಿರ ಇಂಜಿನ್ ಆಫ್ ಆಯಿತು.

"ಬೇಜಾರ್ ಮಾಡ್ಕೋಬೇಡಿ ಸಾರ್," ಅಂದ ವ್ಯಾನ್ ಡ್ರೈವರ್. "ಬ್ಯಾಟರಿ ವೀಕು. ಒಂಚೂರು ತಳ್ಬೇಕು."

ಅಣ್ಣ ಮಡಕೆಯನ್ನು ನನ್ನ ಕೈಗೆ ಕೊಟ್ಟು, "ಕೆಳಗೆ ಇಡ್ಬೇಡಿ" ಎಂದು ಇಳಿದರು. ತಮ್ಮನೂ ಇಳಿದರು. ಮನೆಯಲ್ಲಿ ನೂರಾರು ಕುದುರೆ ಶಕ್ತಿಯ ಎರಡು ಕಾರು ನಿಂತಿದ್ದವು. ಇಲ್ಲಿ ಒದ್ದೆ ಪಂಚೆಯ ಇಬ್ಬರು ಹೆಗಲು ಕೊಟ್ಟು ತಳ್ಳುತ್ತಿದ್ದರು. ಮೂರನೆಯ ಸಲಕ್ಕೆ ಇಂಜಿನ್ ಹಿಡಿಯಿತು. ನಿಲ್ಲಿಸಿದರೆ ಮತ್ತೆ ಆಫ್ ಆದೀತೆಂದು ಡ್ರೈವರ್ ನಿಲ್ಲಿಸಲೇ ಇಲ್ಲ. ಹಿಂದಿನ ಬಾಗಿಲು ತೆರೆದಿತ್ತು. ನಾನು ಮಡಕೆ ಹಿಡಿದು ನೋಡುತ್ತಿದ್ದೆ: ಮೈಸೂರು ರಸ್ತೆಯ ಮೇಲೆ ಇಬ್ಬರು ಮಕ್ಕಳು ಪಂಚೆ ಎತ್ತಿಕೊಂಡು ಅಪ್ಪನ ಹಿಂದೆ ಓಡಿಬರುತ್ತಿದ್ದರು.

ತಮ್ಮ ಮೊದಲು ಹತ್ತಿಕೊಂಡರು. ತಿರುಗಿ ಕೈ ಚಾಚಿ, "ಅಣ್ಣಾ, ಹಿಡ್ಕೋ" ಅಂದರು. ಅಣ್ಣ ಹತ್ತಿದ ರಭಸಕ್ಕೆ ಅಪ್ಪನ ಕಾಲ ಮೇಲೇ ಬಿದ್ದರು. ಏದುಸಿರು ಬಿಡುತ್ತಲೇ ಎದ್ದು ಕೂತರು.

"ವ್ಯಾನ್ ಪಿಕಪ್ ಪರವಾಗಿಲ್ಲ ಅಲ್ವೇನೋ," ಅಂದರು ಅಣ್ಣ.

"ನಿನ್ನದಕ್ಕಿಂತ ವಾಸಿ."

"ನಿನ್ನದಕ್ಕಿಂತಲೂ."

ಇಬ್ಬರೂ ನಗತೊಡಗಿದರು. ನಗು ಯಾವಾಗ ಅಳುವಾಯಿತೋ ನನಗೆ ಗೊತ್ತಾಗಲಿಲ್ಲ. ಪಕ್ಕದ ಬಸ್ಸಿನಲ್ಲಿದ್ದ ಹೆಂಗಸೊಬ್ಬಳು ಹೆಣದ ಮುಂದೆ ನಗುವ ಮಕ್ಕಳನ್ನು ಕಂಡು ಮುಖ ತಿರುಗಿಸಿಕೊಂಡಳು.

ಚಿತಾಗಾರ ಬಂತು. "ಇಂಜಿನ್ ಆಫ್ ಮಾಡಲ್ಲ ಸಾರ್, ಬೇಗ ಇಳಿಸ್ಕೊಳ್ಳಿ," ಅಂದ ಡ್ರೈವರ್.

ಯಾರೂ ಏಳಲಿಲ್ಲ. ತಮ್ಮ ಅಣ್ಣನ ಮುಖ ನೋಡಿದರು. ಆಮೇಲೆ ಡ್ರೈವರನ್ನು ಕೇಳಿದರು: "ಹೆಂಗೂ ಆಫ್ ಮಾಡಲ್ವಲ್ಲ, ಇನ್ನೊಂದು ರೌಂಡ್ ಹೊಡೀತೀರಾ?"

"ಯೂಟರ್ನು ತುಂಬಾ ದೂರ ಇದೆ ಸಾರ್."

"ಪರವಾಗಿಲ್ಲ," ಅಂದರು ಅಣ್ಣ. "ಅಪ್ಪಂಗೇನೂ ಅರ್ಜೆಂಟಿಲ್ಲ."