ಎರಡು ಸಲ ಕರೆದ ಹಾಡು

ನಾನು ಸಂಗೀತಗಾರನಲ್ಲ. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಕಾಲುವೆ ಫೈಲುಗಳನ್ನು ಒಂದು ಟೇಬಲ್ಲಿನಿಂದ ಇನ್ನೊಂದು ಟೇಬಲ್ಲಿಗೆ ಸಾಗಿಸುವ ಗುಮಾಸ್ತ. ಆದರೆ ಹೋದ ವರ್ಷ ನನಗೊಂದು ವಿಷಯ ಖಾತ್ರಿಯಾಯಿತು. ಈಗಿನ ಕಾಲದಲ್ಲಿ ಆಲ್ಬಮ್ ಮಾಡಲು ಕಂಪನಿ ಬೇಡ, ಸ್ಟುಡಿಯೋ ಬೇಡ, ಗುರುವೂ ಬೇಡ. ಒಂದು ಮೈಕು, ಒಂದು ಲ್ಯಾಪ್‌ಟಾಪು, ಒಂದಿಷ್ಟು ಧೈರ್ಯ ಸಾಕು. ಇದಕ್ಕೆ ಇಂಡಿ ಪಾಪ್ ಎನ್ನುತ್ತಾರಂತೆ. ಧೈರ್ಯ ನನ್ನಲ್ಲಿ ಬೇಕಾದಷ್ಟಿತ್ತು. ಉಳಿದೆರಡನ್ನು ತರಿಸಿದೆ.

ಐದು ಹಾಡು ಬರೆದೆ. ನಾಲ್ಕು ಸುಮ್ಮನೆ, ಆಲ್ಬಮ್ ಅನ್ನಿಸಿಕೊಳ್ಳಲಿ ಅಂತ. ಐದನೆಯದು ಮಾತ್ರ ನನ್ನ ಹೆಂಡತಿ ಗಿರಿಜೆಗೆ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿಯೂ ಆಕೆಗೆ ಬಾಯಿಬಿಟ್ಟು ಒಂದು ಪ್ರೀತಿಯ ಮಾತು ಆಡಿದವನಲ್ಲ ನಾನು. ಹಾಡಿನಲ್ಲಾದರೂ ಹೇಳಿಬಿಡೋಣ, ಆಕೆಯ ಮುಖ ಅರಳುವುದನ್ನು ಒಮ್ಮೆ ನೋಡೋಣ ಅನ್ನುವುದೇ ಇಡೀ ಆಲ್ಬಮ್ಮಿನ ಗುಟ್ಟು. ಹಾಡಿನ ಜೀವಾಳ ಇಷ್ಟೇ: ವಾದ್ಯಗಳೆಲ್ಲ ನಿಂತು "ಗಿರಿಜಾ..." ಎಂಬ ಕರೆ, ಸ್ವಲ್ಪ ಮೌನ, ಮತ್ತೊಮ್ಮೆ "ಗಿರಿಜಾ...", ಆಮೇಲೆ ಉದ್ದನೆಯ ಮೌನ.

ಮನೆಯಲ್ಲಿ ಹಾಡಿದರೆ ಗುಟ್ಟು ರಟ್ಟಾಗುತ್ತದೆ. ಹಾಗಾಗಿ ಕ್ಯಾಂಪಿನ ಹಿಂದುಗಡೆ ವರ್ಷಗಳಿಂದ ಖಾಲಿ ಬಿದ್ದ ಕ್ವಾರ್ಟರ್ಸ್ ಸಾಲಿನಲ್ಲಿ ಬಾಗಿಲೇ ಇಲ್ಲದ ಒಂದು ಮನೆ ಆರಿಸಿಕೊಂಡೆ. ಊಟದ ಬಿಡುವಿನಲ್ಲಿ ಅಲ್ಲಿಗೆ ಹೋಗಿ, ಗೋಡೆಗೆ ಮುಖ ಮಾಡಿ ಕರೆಯುತ್ತಿದ್ದೆ. ಸುತ್ತ ಜಾಲಿಗಿಡ, ಸುಡುಬಿಸಿಲು, ಒಂದು ಹಕ್ಕಿಯ ಸದ್ದೂ ಇಲ್ಲ. "ಗಿರಿಜಾ" ಎಂದರೆ ಒಳಕೋಣೆಯಿಂದ ನನ್ನ ದನಿ ತುಸು ತಡವಾಗಿ, ತುಸು ತಗ್ಗಿ, ತಿರುಗಿ ಬರುತ್ತಿತ್ತು. ಒಂದು ದಿನ ಜೋರಾಗಿ ಕೆಮ್ಮಿದೆ. ಕೆಮ್ಮು ತಿರುಗಿ ಬರಲಿಲ್ಲ. ಒಳಕೋಣೆಗೆ ಹೆಸರು ಮಾತ್ರ ಬೇಕಿದ್ದಂತಿತ್ತು. ಒಳ್ಳೆಯ ಕೋಣೆ, ಬೇಡದ್ದನ್ನು ತಾನೇ ಸೋಸುತ್ತದೆ ಎಂದುಕೊಂಡೆ.

ಶಹಾಪುರದಲ್ಲಿ ಮದುವೆ ವಿಡಿಯೋ ಮಾಡುವ ಖಾಜಾಸಾಬ್ ಹಾಡುಗಳನ್ನು ಜೋಡಿಸಿಕೊಟ್ಟ. ಐದನೆಯದನ್ನು ಕೇಳಿ ಹೆಡ್‌ಫೋನ್ ತೆಗೆದು ದೂರ ಇಟ್ಟ.

"ಸಾಹೇಬ್ರ, ಇದು ಪ್ಯಾರ್ ಮೊಹಬ್ಬತ್ ಹಾಡೇನ್ರಿ?"

"ಹೌದು. ಯಾಕ?"

"ಏನಿಲ್ರಿ. ನಂಗ್ಯಾಕೋ ತಾಯತ ಕಟಗೋಬೇಕು ಅನಸಾಕತ್ತದ."

ಕಲೆ ಅಂದರೆ ಮನಸ್ಸನ್ನು ಕಲಕಬೇಕು. ನನ್ನ ಬೆನ್ನು ನಾನೇ ತಟ್ಟಿಕೊಂಡು ಬಂದೆ.

ಆಲ್ಬಮ್ಮನ್ನು ಇಂಟರ್‌ನೆಟ್ಟಿಗೆ ಏರಿಸಿದೆ. ಒಂದು ವಾರ ಕಳೆದರೂ ಲೋಕ ತುಟಿ ಬಿಚ್ಚಲಿಲ್ಲ. ಲೋಕದ ಮಾತು ಹಾಗಿರಲಿ, ಕೇಳಬೇಕಾದವಳು ಒಬ್ಬಳೇ. ಭಾನುವಾರ ಮಧ್ಯಾಹ್ನ ಗಿರಿಜೆ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ, ಹಿತ್ತಲ ಗೋಡೆಯ ಮೇಲೆ ಸ್ಪೀಕರ್ ಇಟ್ಟು, ಬೇವಿನ ಮರದ ಹಿಂದೆ ಅವಿತು, ಮೊಬೈಲಿನಲ್ಲಿ ಐದನೇ ಹಾಡು ಒತ್ತಿದೆ.

"ಗಿರಿಜಾ..."

ರೊಟ್ಟಿ ಬಡಿಯುವ ಸದ್ದು ನಿಂತಿತು. ನನ್ನ ಎದೆ ಹಿಗ್ಗಿತು.

"ಗಿರಿಜಾ..."

ಅಡಿಗೆಮನೆಯ ಕಿಟಕಿ ಪಟ್ಟನೆ ಮುಚ್ಚಿತು. ಪಕ್ಕದ ಮನೆಯ ಕಿಟಕಿ ಮುಚ್ಚಿತು, ಅದರ ಪಕ್ಕದ್ದೂ, ಕೊನೆಗೆ ನಮ್ಮ ಕ್ವಾರ್ಟರ್ಸಿನ ಇಡೀ ಸಾಲು. ಪಕ್ಕದ ಮನೆಯ ಶಾಂತಕ್ಕ ಒಳಗಿಂದಲೇ ಕೂಗಿದಳು: "ಗಿರಿಜಾ, ಓ ಅನಬ್ಯಾಡ!"

ಆಗ ನನಗೆ ನೆನಪಾಯಿತು. ಮಟಮಟ ಮಧ್ಯಾಹ್ನ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೂರನೇ ಸಲದ ತನಕ ಓ ಅನ್ನಬಾರದು. ಮನುಷ್ಯರಾದರೆ ಮೂರನೇ ಸಲ ಕರೆಯುತ್ತಾರೆ. ದೆವ್ವ ಎರಡಕ್ಕೇ ನಿಲ್ಲಿಸುತ್ತದೆ. ಇದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ನಾನು ಲಕ್ಷಣವಾಗಿ ಎರಡೇ ಸಲ ಕರೆದಿದ್ದೆ, ಅದೂ ಪ್ರತಿಧ್ವನಿ ಸಮೇತ.

ಸ್ಪೀಕರ್ ಆಫ್ ಮಾಡಿ, ಚೀಲಕ್ಕೆ ತುರುಕಿ, ಮುಂಬಾಗಿಲಿಗೆ ಓಡಿದೆ. ಚಿಲಕ ಹಾಕಿತ್ತು.

"ಗಿರಿಜಾ, ನಾನ ಇದೀನಿ, ಬಾಗಲಾ ತಗಿ."

ಒಳಗಿಂದ ಗಿರಿಜೆಯ ನಡುಗುವ ದನಿ: "ಶಾಂತಕ್ಕ, ಈಗ ಮುಂದಿನ ಬಾಗಲಿಗಿ ಬಂದದ. ಥೇಟ್ ನಮ್ಮ ಮನಿಯವರ ಧ್ವನಿ ತಗದದ."

"ಗಿರಿಜಾ, ದೆವ್ವ ಅಲ್ಲ, ನಿನ್ನ ಗಂಡ ಇದೀನಿ."

ಕಿಟಕಿಯ ಸಂದಿಯಿಂದ ಒಂದು ಮುಷ್ಟಿ ಉಪ್ಪು, ಖಾರದಪುಡಿ ಬಂದು ನನ್ನ ಮುಖಕ್ಕೆ ಬಿತ್ತು.

"ಹೊಲಸ ಪೀಡಾ, ಯಾರ ಮುಂದ ಆಟ ಹೂಡಿದಿ? ನಮ್ಮ ಮನಿಯವರು ಇಪ್ಪತ್ತೆರಡು ವರ್ಷದಾಗ ಒಂದ ದಿನ ನನ್ನ ಹೆಸರು ಹಿಡದು ಕರದಿಲ್ಲ."

ಖಾರಕ್ಕಿಂತ ಆ ಮಾತು ಹೆಚ್ಚು ಉರಿಯಿತು. ನಿಜ. ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿ ನಮ್ಮಪ್ಪನಿಗೂ ಇರಲಿಲ್ಲ, ನನಗೂ ಇರಲಿಲ್ಲ.

"ಬಾಗಲಿಗಿ ಬಂದು ಎರಡು ಸಲ ಆತು," ಶಾಂತಕ್ಕ ಲೆಕ್ಕ ಹಿಡಿದಿದ್ದಳು. "ಮನಷ್ಯಾ ಇದ್ರ ಮೂರನೇದು ಕರೀಲಿ."

ಸಾಲಿನ ಕಿಟಕಿಗಳೆಲ್ಲ ಒಂದೊಂದು ಬೆರಳಷ್ಟು ತೆರೆದುಕೊಂಡವು. ಇನ್ನೊಂದು ಸಲ ಕರೆದರೆ ಮುಗಿಯಿತು. ಮೊದಲೆರಡು ಸಲ ಗಾಬರಿಯಲ್ಲಿ ಬಾಯಿಂದ ಜಾರಿತ್ತು. ಈಗ ಬೇಕೆಂದೇ ಕರೆಯಬೇಕು. ಇಷ್ಟು ಮಂದಿಯ ಎದುರು, ಹಾಡಿಲ್ಲದೆ, ಬರಿಬಾಯಿಯಲ್ಲಿ. ಬಾಯಿ ತೆರೆದೆ. ಹೆಸರು ಗಂಟಲಲ್ಲೇ ಕೂತಿತು. ಮೈಯೆಲ್ಲ ನಾಚಿಕೆಯಾಯಿತು. ಕೊನೆಗೆ ಹೊರಬಿದ್ದ ಮಾತು ಇದು:

"ಏ, ಕೇಳಸಂಗಿಲ್ಲೇನು? ಹೊಟ್ಟಿ ಹಸದದ, ಬಾಗಲಾ ತಗಿ."

ಚಿಲಕ ತಟ್ಟನೆ ಸರಿಯಿತು. "ಶಾಂತಕ್ಕ, ಇವರ ನಮ್ಮವರು. ಹೊರಗ ಬರ್ರಿ," ಎಂದಳು ಗಿರಿಜೆ.

ಖಾರ ತೊಳೆಯಲು ಹಿತ್ತಲ ನಳಕ್ಕೆ ಹೋದೆ. ಬಾಯೊಳಗೂ ಹೋಗಿತ್ತು, ನೀರು ತುಂಬಿಕೊಂಡು ಮುಕ್ಕಳಿಸಿದ್ದೇ ಮುಕ್ಕಳಿಸಿದ್ದು. ಬೇವಿನ ಒಂದೆಲೆಯೂ ಅಲುಗುತ್ತಿರಲಿಲ್ಲ. ಸ್ಪೀಕರ್ ಚೀಲದಲ್ಲಿ ಸುಮ್ಮನೆ ಬಿದ್ದಿತ್ತು. ಒಳಗೆ ಬಂದು ಊಟಕ್ಕೆ ಕುಳಿತೆ.

ಗಿರಿಜೆ ರೊಟ್ಟಿ ಹಾಕಿದಳು. ಹಾಕಿ ಅಲ್ಲೇ ನಿಂತಳು. ಮದುವೆಯ ಫೋಟೋದಲ್ಲೂ ಇಲ್ಲದ ಕಳೆ ಆಕೆಯ ಮುಖದಲ್ಲಿತ್ತು.

"ಮಂದಿ ಮುಂದ ನಾಚಿಕಿ ಅಂತ, ಹಿತ್ತಲದಾಗ ನಿಂತು ಮೂರನೇದು ಕರದ್ರಿ, ಹೌದಿಲ್ಲೋ?" ಎಂದಳು ಮೆಲ್ಲಗೆ. "ಎಷ್ಟ್ ಚಂದ ಕರದ್ರಿ. ನಾ ಒಳಗಿಂದ ಓ ಅಂದೆ. ಕೇಳ್ತೋ ಇಲ್ಲೋ?"

ನಾನು ಕರೆದಿರಲಿಲ್ಲ. ಹಿತ್ತಲಲ್ಲಿದ್ದಷ್ಟು ಹೊತ್ತೂ ನನ್ನ ಬಾಯ್ತುಂಬ ನೀರಿತ್ತು.

ಹಿತ್ತಲ ಬಾಗಿಲ ಕಡೆ ತಿರುಗಿ ನೋಡಲು ಧೈರ್ಯ ಬರಲಿಲ್ಲ. ಗಿರಿಜೆ ಉತ್ತರಕ್ಕೆ ಕಾಯುತ್ತಿದ್ದಳು. ಇಡೀ ಆಲ್ಬಮ್ ಮಾಡಿದ್ದೇ ಈ ಮುಖ ನೋಡಲಿಕ್ಕೆ.

"ಹೂಂ, ಕೇಳ್ತು," ಎಂದೆ.

ನನ್ನ ಆಲ್ಬಮ್ಮಿಗೆ ಇಲ್ಲಿಯತನಕ ಸಿಕ್ಕ ಮೆಚ್ಚುಗೆ ಅದೊಂದೇ. ಅದೂ ನಾನು ಹಾಡಿದ್ದಕ್ಕಲ್ಲ.