ಚೌತಿ ಚಂದ್ರನೂ ನಮ್ಮ ಸೋದರಮಾವನೂ

ನಮ್ಮ ಸೋದರಮಾವನಿಗೆ ಚಂದ್ರನ ಜೊತೆ ಇರುವ ಸಲಿಗೆ ಕಟ್ಟಿಕೊಂಡ ಹೆಂಡತಿಯ ಜೊತೆಗೂ ಇಲ್ಲ ಎಂದರೆ ನೀವು ನಂಬುವುದಿಲ್ಲ. ನಮ್ಮತ್ತೆಯನ್ನು ಕೇಳಿ, ನಂಬುತ್ತೀರಿ! ಊರಿಗೆಲ್ಲ ಚಂದಮಾಮನಾದವನು ಇವರ ಬಾಯಲ್ಲಿ ಬಿದಿಗೆಗೆ 'ಕೂಸಪ್ಪ', ಹುಣ್ಣಿಮೆಗೆ 'ಯಜಮಾನ್ರು', ಅಮಾವಾಸ್ಯೆಗೆ 'ರಜದ್ ಮೇಲವ್ನೆ'.

ಅಪ್ಪನಿಲ್ಲದ ನನ್ನನ್ನು ಹೊಂಗನೂರಿನ ತಮ್ಮ ಮನೆಯಲ್ಲಿಟ್ಟುಕೊಂಡು, ರೇಷ್ಮೆಹುಳ ಸಾಕಿ ಓದಿಸಿದವರು ಇವರೇ. ಬಿಡದಿಯ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲದಲ್ಲಿ ಅಂಥದೊಂದರ ಸ್ಟೋರ್ಸಿನಲ್ಲಿ ನನಗೆ ಕೆಲಸ ಸಿಕ್ಕಿತು. ಮುಂದಿನ ರಜೆ ಹದಿನಾರನೇ ತಾರೀಕು ಎಂದರೆ ಮಾವ ಒಪ್ಪುತ್ತಾರೆಯೇ?

"ತಾರೀಕ್ ಯಾರಿಗ್ ಬೇಕವ್ವ? ಅವತ್ತು ಚಂದ್ರ ಎಷ್ಟಿರ್ತಾನೆ ಹೇಳು."

"ನಮ್ಮಲ್ಲಿ ಚಂದ್ರನ್ನ ನೋಡಿ ರಜ ಕೊಡಲ್ಲ ಮಾವ!"

"ಅದ್ಕೇ ಅಲ್ಲಿಂದ ಬರೋರ್ ಯಾರ್ ಮಕದಲ್ಲೂ ಕಳೆ ಇಲ್ಲ!"

ಬಿದಿಗೆ ಚಂದ್ರನನ್ನು ಕಂಡ ಕೂಡಲೇ ಒಳ್ಳೆಯ ಮುಖವೊಂದನ್ನು ನೋಡಬೇಕಂತೆ. ಒಂದು ಸಲ ಮಾವ ಚಂದ್ರನಿಗೆ ಕೈ ಮುಗಿದು, ಕಣ್ಣು ಮುಚ್ಚಿ ತಿರುಗಿದರು. ಅತ್ತೆ ಸೆರಗು ಸರಿಪಡಿಸಿಕೊಂಡು ಎದುರಿಗೆ ನಿಂತು, "ಕಣ್ ಬುಡಿ, ನಾನಿವ್ನಿ" ಎಂದರು. "ಒಸಿ ಸರ್ಕೊ. ಹಸ ಎಲ್ಲೈತೆ?" ಎಂದರು ಮಾವ! ಆ ಮನೆಯಲ್ಲಿ ಎರಡು ದಿನ ಕಾಫಿ ಕಾಯಲಿಲ್ಲ.

ಇಷ್ಟಕ್ಕೆಲ್ಲ ನಗುತ್ತಿದ್ದ ನಾನು ಒಂದು ಗಣೇಶ ಚೌತಿಯ ಸಂಜೆ ಬಿಡದಿ ಸ್ಟೇಷನ್ನಿನಲ್ಲಿ ರೈಲು ಕಾಯುತ್ತಾ ತಲೆ ಎತ್ತಿದೆ. ಬಂದುಬಿಟ್ಟಿದ್ದ, ಚೌತಿ ಚಂದ್ರ! ಅವನನ್ನು ನೋಡಿದವರಿಗೆ ಸುಳ್ಳು ಅಪವಾದ ತಪ್ಪದು ಎನ್ನುತ್ತಾರೆ. ನಾಲ್ಕೇ ದಿನಕ್ಕೆ ನನ್ನ ಸುಪರ್ದಿನಲ್ಲಿದ್ದ ಅಳತೆಯ ದುಬಾರಿ ಉಪಕರಣವೊಂದು ಕಾಣೆಯಾಯಿತು. ಸಿಗುವವರೆಗೆ ಮನೆಯಲ್ಲಿರು ಎಂದರು ಕಾರ್ಖಾನೆಯವರು. ಕೆಲಸ ಹೋದರೆ ಹೋಗಲಿ, ಕಳ್ಳಿ ಎಂಬ ಹೆಸರು ಹೊತ್ತು ಬದುಕುವುದು ಹೇಗೆ? ನನಗೆ ಊಟ ಸೇರಲಿಲ್ಲ.

"ಚೌತಿ ಚಂದ್ರನ್ನ ನೋಡುದ್ಯಾ?" ಎಂದರು ಮಾವ. ಹೂಂ ಎಂದೆ.

ಪರಿಹಾರ ಅವರ ನಾಲಗೆ ತುದಿಯಲ್ಲೇ ಇತ್ತು. ಯಾರದಾದರೂ ಮನೆಯ ಮೇಲೆ ಕಲ್ಲೆಸೆದು ಹೊಟ್ಟೆ ತುಂಬ ಬೈಸಿಕೊಂಡರೆ ಅಪವಾದ ಅಲ್ಲಿಗೇ ತೀರಿತು! ಬೈಗುಳಕ್ಕೆ ಹೆಸರಾದ ಅಜ್ಜಿಯೊಬ್ಬಳು ಬೀದಿಯ ಕೊನೆಯಲ್ಲಿದ್ದಳು. ಮಾವ ಗೋಡೆಯ ಮರೆಯಲ್ಲಿ ನಿಂತರು, ನಾನು ಹೆಂಚಿನ ಮೇಲೆ ಕಲ್ಲೆಸೆದೆ. ಅಜ್ಜಿ ಪೊರಕೆ ಹಿಡಿದೇ ಹೊರಬಂದಳು. ನನ್ನನ್ನು ಕಂಡು ಪೊರಕೆ ಕೆಳಗಿಟ್ಟಳು.

"ನೀನಾ ಕೂಸೇ? ಕೆಲ್ಸದ್ ವಿಸ್ಯ ಕೇಳ್ದೆ ಕಣವ್ವ. ಎಂಗ್ ಸೊರಗೋಗಿದ್ದೀಯೆ! ಬಾ, ಬಿಸಿ ಮುದ್ದೆ ಐತೆ."

ಮಾವನಿಗೆ ತಡೆಯಲಾಗಲಿಲ್ಲ. "ಅಯ್ಯೋ, ಮೊದ್ಲು ಬಯ್ಯವ್ವೋ!" ಎಂದು ಮರೆಯಿಂದ ಹಾರಿ ಬಂದರು. ಆಮೇಲೆ ಅಜ್ಜಿ ಬೈದಳು ನೋಡಿ, ಮಾವನ ಮೂರು ತಲೆಮಾರನ್ನೂ ಬಿಡಲಿಲ್ಲ!

"ಎಂಥಾ ಬೈಗ್ಳ! ಎಲ್ಲಾ ನಂಗ್ ಬಿದ್ದು ದಂಡ ಆಗೋಯ್ತು" ಎಂದು ಮಾವ ದಾರಿಯುದ್ದಕ್ಕೂ ಪೇಚಾಡಿದರು.

ಮರುದಿನದಿಂದ ಮಾವ ಬೆಳಗಾಗುತ್ತಲೇ ಮಾಯ. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು. ತಡಮಾಡದೆ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡದಿದ್ದರೆ ಬೆಳೆ ಹಾಳು. ಹೆಂಡತಿ ಕರೆದರೂ ಏಳದೆ ಹುಳುವಿನ ಪಕ್ಕ ಕೂರುತ್ತಿದ್ದ ಮನುಷ್ಯ ಎಲ್ಲಿಗೆ ಹೋದರು? ಅತ್ತೆಯೂ ನಾನೂ ಹುಳು ಆರಿಸುತ್ತಾ ಅವರಿಗೆ ಸಾಕಷ್ಟು ಶಾಪ ಹಾಕಿದೆವು.

ಮೂರನೆಯ ದಿನ ಕಾರ್ಖಾನೆಯಿಂದ ಕರೆ ಬಂತು. ಬೇರೆ ಪಾಳಿಯ ಮೇಲ್ವಿಚಾರಕರೊಬ್ಬರು ಉಪಕರಣವನ್ನು ತಪಾಸಣೆಗೆಂದು ಬೆಂಗಳೂರಿಗೆ ಕಳಿಸಿ, ಬರೆದಿಡುವುದನ್ನು ಮರೆತಿದ್ದರಂತೆ! ಸಾರಿ ಕಣಮ್ಮ, ನಾಳೆಯಿಂದ ಬಾ ಎಂದರು. ನಾಳೆಯವರೆಗೆ ಯಾರು ಕಾಯುತ್ತಾರೆ? ಆಗಲೇ ಬಸ್ಸು ಹತ್ತಿದೆ. ವಾರದ ನಂತರ ಅಂದು ನೆಟ್ಟಗೆ ಉಸಿರಾಡಿದೆ.

ಗೇಟಿನಲ್ಲಿ ಕಾವಲಿನವರು ತಡೆದು, ಗೋಡೆಯತ್ತ ಕೈ ತೋರಿಸಿದರು. "ಅವ್ರು ನಿಮ್ ಮಾವನಾ? ಮೂರ್ ದಿನದಿಂದ ಇಲ್ಲೇ ಅವ್ರೆ ಕಣಮ್ಮ. 'ಆ ಕೂಸಿಗೆ ಬರೋ ಮಾತ್ನೆಲ್ಲ ನಂಗೇ ಅಂದ್ಬುಡಿ' ಅಂತ ಬಂದ್ ಬಂದೋರ್ಗೆಲ್ಲ ಕೈ ಮುಗೀತಾರೆ. ಓಡ್ಸಾಕೋಗಿ ನಾನೂ ಬಯ್ದೆ. 'ಪುಣ್ಯ ಬರ್ಲಿ, ಇನ್ನೊಸಿ ಬಯ್ಯಪ್ಪ' ಅಂದ್ಬುಟ್ರು!"

ಕಾಂಪೌಂಡ್ ಗೋಡೆಯ ಬುಡದಲ್ಲಿ ಮಾವ ಕುಕ್ಕರುಗಾಲಲ್ಲಿ ಕೂತಿದ್ದರು. ನನ್ನನ್ನು ಕಂಡು ಗಾಬರಿಯಿಂದ ಎದ್ದರು.

"ಸಿಕ್ತು ಮಾವ."

"ಸಿಕ್ತಾ? ಇನ್ ಯಾರೂ ನಿನ್ನ ಕಳ್ಳಿ ಅನ್ನಾಕಿಲ್ವಾ?"

"ಇಲ್ಲ ಮಾವ."

ಟವಲಿನಿಂದ ಮುಖ ಮುಚ್ಚಿಕೊಂಡು, ಕಾವಲಿನವರ ಎದುರಿಗೇ ನಮ್ಮ ಮಾವ ಗಳಗಳನೆ ಅತ್ತುಬಿಟ್ಟರು.